ನೀರೊಳಗೂ ಮಾತು ಬೇಕು

ಬ್ಯಾಡರಹಳ್ಳಿಯಲ್ಲಿ ಮಾಗಡಿ ರಸ್ತೆ ದಾಟುವಾಗಲೂ ಫೋನಿನಲ್ಲಿ ಹರಟುವ ಜಾತಿ ನಮ್ಮದು. ಅಂಥ ನನ್ನನ್ನೂ ಭಾವನನ್ನೂ ಮುರ್ಡೇಶ್ವರದಲ್ಲಿ ದೋಣಿ ಹತ್ತಿಸಿ, ನೇತ್ರಾಣಿ ದ್ವೀಪದ ಬಳಿ ಬಾಯಿಗೆ ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಕಚ್ಚಿಸಿ ಮುಳುಗಿಸಿದರು. ಉಸಿರಿಗೇನೂ ತೊಂದರೆಯಿಲ್ಲ, ಮಾತು ಮಾತ್ರ ಬಂದ್! ನನಗೋ ಏಕಾದಶಿ ಉಪವಾಸಕ್ಕಿಂತ ಮೌನವ್ರತವೇ ಕಷ್ಟ.

ಅಲ್ಲಿ ಎಲ್ಲವೂ ಕೈಸನ್ನೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ ‘ಸರಿ’. ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’. ಹಳದಿ ಪಟ್ಟೆಯ ಮೀನು ಕಂಡು ಭಾವ ‘ಸೂಪರ್’ ಎಂದು ಹೆಬ್ಬೆರಳು ಎತ್ತಿದರು. ತರಬೇತುದಾರ ತೋಳು ಹಿಡಿದು ನಿಧಾನವಾಗಿ ಮೇಲಕ್ಕೆ ಕರೆದೊಯ್ದ. ಬೇಡಪ್ಪಾ ಎನ್ನಲು ಬಾಯಿ ಖಾಲಿಯಿಲ್ಲ, ಪಾಪ.

ಇದಕ್ಕೂ ಮದ್ದಿದೆ: ಮುಖವಿಡೀ ಮುಚ್ಚುವ ಮಾಸ್ಕ್. ಮೂಗಿನಲ್ಲೇ ಉಸಿರಾಡುತ್ತ, ಒಳಗಿನ ಮೈಕಿನಲ್ಲಿ ಮಾತಾಡಬಹುದು. ಉಪ್ಪುನೀರಿನಲ್ಲಿ ರೇಡಿಯೊ ಅಲೆಗಳು ಬೇಗ ಸೋಲುವುದರಿಂದ ಮಾತು ಶ್ರವಣಾತೀತ ಧ್ವನಿಯ ಬೆನ್ನೇರಿ ಹೋಗುತ್ತದೆ. ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ನಮ್ಮ ಬೀದಿಯ ಸುದ್ದಿಗೆ ಹತ್ತಿರ ಹತ್ತಿರ. ಆದರೆ ಗುಂಡಿ ಒತ್ತಿದವರು ಮಾತಾಡಬೇಕು, ಉಳಿದವರು ಕೇಳಬೇಕು. ಭಾವ ಗುಂಡಿ ಬಿಡುವ ಆಸಾಮಿಯಲ್ಲ.

ಇದನ್ನೆಲ್ಲ ಅಕ್ಕನಿಗೆ ಹೇಳಿ, ಮಾತು ಹೆಚ್ಚಾದಷ್ಟೂ ಸಿಲಿಂಡರಿನ ಗಾಳಿ ಬೇಗ ಖಾಲಿ ಎಂದೂ ವಿವರಿಸಿದೆ. ಮನೆಯಲ್ಲಿ ಭಾವ ಹಾಕಿಕೊಳ್ಳಲು ಅಂಥದ್ದೊಂದು ಮಾಸ್ಕ್ ಎಷ್ಟಕ್ಕೆ ಬರುತ್ತದೆಂದು ಅಕ್ಕ ವಿಚಾರಿಸುತ್ತಿದ್ದಾಳೆ.