ಚಿನ್ನಕ್ಕೆ ಎರಡು ಮೈಲಿ, ನೀರಿಗೆ ಇನ್ನೊಂದು ನೂರಡಿ

ಮೊನ್ನೆ ಮಾಸ್ತಿಯ ಹೊಲವೊಂದರಲ್ಲಿ ಬೋರ್‌ವೆಲ್ ಲಾರಿ ನಿಂತಿತ್ತು. ಸಾವಿರದ ಇನ್ನೂರು ಅಡಿ ಕೊರೆದಾಗಿತ್ತು. ಬಂದದ್ದು ಬೂದಿಯಂಥ ಕಲ್ಲುಪುಡಿ. ತೇವ ಇದೆಯೇನೋ ಎಂದು ರೈತ ಅಂಗೈಯಲ್ಲಿ ಉಜ್ಜಿ ನೋಡಿದ. ಇರಲಿಲ್ಲ.

"ಇನ್ನೊಂದು ನೂರಡಿ ಹೋಗೋಣ ಅಣ್ಣ, ನೀರು ಗ್ಯಾರಂಟಿ" ಅಂದ ಏಜೆಂಟ್. ಅಡಿ ಲೆಕ್ಕದಲ್ಲಿ ದುಡ್ಡು ಎಣಿಸುವವನಿಗೆ ಭೂಮಿ ಎಷ್ಟು ಆಳವಿದ್ದರೂ ಸಾಲದು.

ನಮ್ಮ ಕೋಲಾರ ಜಿಲ್ಲೆಗೆ ಆಳ ಹೊಸದಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಕೋಲಾರದ ಶಿಸ್ಟ್ ಶಿಲಾಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದ. ಅಗಲ ಕೆಲವೇ ಕಿ.ಮೀ. ವಯಸ್ಸು 270 ಕೋಟಿ ವರ್ಷದ ಆಸುಪಾಸು. ಅದರೊಳಗೆ ಬೆಣಚುಕಲ್ಲಿನ ಎಳೆ, ಎಳೆಯೊಳಗೆ ಚಿನ್ನ. ಎಳೆ ಎಲ್ಲಿ ಬಾಗುತ್ತದೆ, ಎಲ್ಲಿ ತೆಳುವಾಗುತ್ತದೆ ಎಂದು ಗಣಿಯವರು ನಕ್ಷೆ ಬರೆದರು. ಅಷ್ಟು ಶ್ರದ್ಧೆ!

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಬೆಂಗಳೂರಿಗೂ ಮೊದಲು. ಬೇತಮಂಗಲದಿಂದ ನೀರು ಬಂತು. ಎಲ್ಲವೂ ಬಂತು, ಚಿನ್ನ ಹೋಯಿತು. 120 ವರ್ಷಕ್ಕೆ ಸುಮಾರು 800 ಟನ್. 2001ರ ಫೆಬ್ರವರಿ 28ಕ್ಕೆ ನಷ್ಟವೆಂದು ಬೀಗ ಜಡಿದರು. ಲಾಭವಿದ್ದಾಗ ಲಂಡನ್ನಿಗೆ, ನಷ್ಟವಾದಾಗ ಕೂಲಿ ಲೈನಿಗೆ.

ನಮಗೆ ಉಳಿದದ್ದು ಸೈನೈಡ್ ದಿಬ್ಬ. ಮೂರು ಕೋಟಿ ಟನ್ನಿಗೂ ಹೆಚ್ಚು ಅರೆದ ಕಲ್ಲು. ಗಾಳಿ ಎದ್ದರೆ ತಟ್ಟೆಯ ಅನ್ನದ ಮೇಲೆ ಬಂದು ಕೂರುತ್ತದೆ. ಜನ ಕೆಮ್ಮುತ್ತಾ ಅರ್ಜಿ ಕೊಟ್ಟಾಗ ಅದು ಬರೀ ಮಣ್ಣು. 2024ರಲ್ಲಿ 13 ದಿಬ್ಬಗಳನ್ನು ಮತ್ತೆ ಬಗೆಯಲು ರಾಜ್ಯ ಸಂಪುಟ ಒಪ್ಪಿದಾಗ ಅದೇ ಮಣ್ಣು ಸಂಪತ್ತು. ಹಾಗಾದರೆ ಶ್ವಾಸಕೋಶಕ್ಕೂ ಒಂದು ಟೆಂಡರ್ ಕರೆಯಿರಿ. ಅಲ್ಲೂ ಒಂದಿಷ್ಟು ಸ್ಟಾಕ್ ಇದೆ.

ಪಂಪು ನಿಂತ ಮೇಲೆ ಗಣಿಯೊಳಗೆ ನೀರು ತುಂಬಿಕೊಂಡಿತು. ಚಿನ್ನ ಹುಡುಕಿದಲ್ಲಿ ನೀರು, ನೀರು ಹುಡುಕಿದಲ್ಲಿ ದೂಳು. ನಮ್ಮ ಕೆರೆಗಳಿಗೆ ಮಾತ್ರ 2018ರಿಂದ ಬೆಂಗಳೂರು ಬಳಸಿ ಬಿಟ್ಟ ನೀರು. ಎರಡು ಹಂತದಲ್ಲಿ ಶುದ್ಧ ಮಾಡಿದ್ದಾರಂತೆ. ಮೂರನೆಯ ಹಂತ ಕೇಳಿ ಕೇಳಿ ನಮ್ಮ ಗಂಟಲು ಒಣಗಿತು. ಚಿನ್ನಕ್ಕಾದರೆ ಕಾವೇರಿಯ ಕರೆಂಟನ್ನೇ ಎಳೆದು ತಂದಿದ್ದರು.

ಸಂಜೆ ಲಾರಿ ಹೊರಟಿತು. ಸಾವಿರದ ಮುನ್ನೂರು ಅಡಿ, ಬರೀ ಪುಡಿ. ಮರುದಿನ ರೈತನ ಹೆಂಡತಿಯ ಬಳೆ ಮಾಲೂರಿನ ಗಿರವಿ ಅಂಗಡಿ ಸೇರಿತು.

ಕೋಲಾರ ಜಿಲ್ಲೆಯಲ್ಲಿ ಚಿನ್ನ ತೆಗೆಯುವುದು ನಿಂತಿದೆ ಅಂದವರು ಯಾರು?