ಹೆಸರು ಕೇಳಬ್ಯಾಡ್ರಿ, ಫೋಟೊ ಅದಾವ

ಹುಪರಿಯಿಂದ ಸಮುದ್ರ ಕಾಣಬೇಕೆಂದರೆ ಸಹ್ಯಾದ್ರಿ ಇಳಿಯಬೇಕು. ಆದರೂ ಬೆಳ್ಳಿ ಗೆಜ್ಜೆಯ ಈ ಊರಿನ ಅಂಗಡಿ ಕಟ್ಟೆಯ ಮೇಲೆ ಮೊನ್ನೆ ಒಬ್ಬ ಸಮುದ್ರದ ಅತಿಥಿ ಕುಳಿತಿದ್ದ. ಹೆಸರು ಪ್ರೂವ್. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟಿದ ದೂರನಿಯಂತ್ರಿತ ಮುಳುಗುಯಂತ್ರ. 500 ಮೀಟರ್ ಆಳದವರೆಗೆ ಇಳಿಯಬಲ್ಲ ಆಸಾಮಿ. ಅಂಟಾರ್ಕ್ಟಿಕಾದ ಹಿಮದಡಿ ಹೊಕ್ಕವನು, 2016ರಲ್ಲಿ ಅಂಡಮಾನಿನ ಹವಳದ ದಿಬ್ಬಗಳನ್ನು ಚಿತ್ರಿಸಿದವನು. ಅಂಗಡಿಯ ಮಾಮಾ ಚಹಾ ಮುಂದಿಟ್ಟರು. ಅದು ಹಾಗೇ ಆರಿತು.

“ಏನ್ರಿ ಸಾಹೇಬ್ರ, ಅಷ್ಟು ಆಳಕ್ಕ ಒಬ್ಬರ ಹೋಗ್ತೀರಿ, ಅಂಜಿಕಿ ಬರೂದಿಲ್ಲೇನ್ರಿ?”

“ಒಬ್ಬನ ಎಲ್ಲಿ ಬಿಡ್ತಾರ್ರಿ ಮಾಮಾ! ಬೆನ್ನಿಗೆ ಕೇಬಲ್ ಇರತೈತಿ. ಕರೆಂಟೂ ಅದರಾಗ, ಹುಕುಮೂ ಅದರಾಗ. ಮ್ಯಾಲ ಹಡಗಿನಾಗ ಕುಂತವರು ತಿರುವಿದಂಗ ನಾ ತಿರುಗಬೇಕು. ನಮ್ಮ ಬಳಗದಾವನ, ಜಪಾನಿನ ಕೈಕೋನ ಕೇಬಲ್ 2003ರಾಗ ಹರೀತು. ಇನ್ನೂ ಮನಿಗೆ ಬಂದಿಲ್ಲ.”

ನಲವತ್ತು ಮೀಟರಿನ ಕೆಳಗೆ ಸಾಮಾನ್ಯ ಮುಳುಗುಗಾರರು ಹೋಗುವುದಿಲ್ಲ. ಹವಳ ಅಲ್ಲಿಗೇ ನಿಲ್ಲುವುದಿಲ್ಲ. ಬಿಸಿಲು ಮುಟ್ಟದ ತಣ್ಣನೆಯ ಕತ್ತಲಲ್ಲೂ, ಪಾಚಿಯ ಹಂಗಿಲ್ಲದೆ, ತೇಲಿ ಬಂದದ್ದನ್ನು ಹಿಡಿದು ತಿಂದು ಬದುಕುವ ಹವಳಗಳಿವೆ. ಪ್ರೂವ್‌ನ ಶ್ರೀಮಂತ ದಾಯಾದಿ ಸುಬಾಸ್ಟಿಯನ್, 2020ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್ ಬಳಿ ಹೊಸದಾಗಿ ಪತ್ತೆಯಾದ 500 ಮೀಟರ್ ಎತ್ತರದ ದಿಬ್ಬಕ್ಕೆ ಇಳಿದು ಜಗತ್ತಿಗೆಲ್ಲ ನೇರಪ್ರಸಾರ ಮಾಡಿದ್ದ.

“ಹಂಗಾರ ಕಂಡ ಜೀವಗಳ ಯಾದಿ ಕೊಡ್ರಿ.”

“ಫೋಟೊ ಬೇಕಾದಷ್ಟು ಅದಾವ್ರಿ. ನಮ್ಮ ಬಳಗದವರು ಎರಡು ಲೇಸರ್ ಚುಕ್ಕಿ ಬಿಟ್ಟು ಅಳತಿನೂ ಹಿಡೀತಾರ. ಹೆಸರು ಮಾತ್ರ ಕೇಳಬ್ಯಾಡ್ರಿ.”

2024ರಲ್ಲಿ ಅದೇ ಸುಬಾಸ್ಟಿಯನ್ ಚಿಲಿಯಾಚೆಯ ಸಾಲಾಸ್ ಇ ಗೋಮೆಸ್ ಪರ್ವತಸಾಲಿನ ಸುತ್ತ ಇಳಿದಾಗ, 100ಕ್ಕೂ ಹೆಚ್ಚು ಹೊಸ ಪ್ರಭೇದಗಳು ಸಿಕ್ಕಿರಬಹುದು ಎಂದು ಸುದ್ದಿಯಾಯಿತು. ‘ಇರಬಹುದು’ ಶೀರ್ಷಿಕೆಗಳಲ್ಲಿ ಸುಲಭವಾಗಿ ಉದುರಿಹೋಗುತ್ತದೆ. ಮಾದರಿ ತಂದು, ಸೂಕ್ಷ್ಮದರ್ಶಕದಡಿ ಇಟ್ಟು, ಡಿಎನ್‌ಎ ತಾಳೆ ನೋಡಿ, ಪ್ರಬಂಧ ಅಚ್ಚಾಗಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ.

“ಅಂದ್ರ ಮುದ್ರಿ ಬೀಳದ ಬೆಳ್ಳಿ,” ಎಂದರು ಮಾಮಾ. “ಇರಲಿ, ನಮ್ಮ ಕಡೆ ಹವಳ ಇಲ್ಲೇನ್ರಿ?”

“ಇಲ್ದ ಏನ್ರಿ! ಸಿಂಧುದುರ್ಗದ ದಂಡಿಯಿಂದ ಸುಮಾರು 100 ಕಿಲೋಮೀಟರ್ ಆಚೆ ಅಂಗ್ರಿಯಾ ಬ್ಯಾಂಕ್ ಐತಿ. ಕಾನ್ಹೋಜಿ ಆಂಗ್ರೆ ಹೆಸರಿನ ಮುಳುಗಿದ ದಿಬ್ಬ. ನೆತ್ತಿ 20 ಮೀಟರಿನಾಗ, ಅಂಚು ಆಳಕ್ಕ ಇಳೀತೈತಿ.”

“ಹೋಗ್ತೀರೇನು?”

“ಕಳಿಸಿದ್ರ ಹೋಗ್ತೀನ್ರಿ. ನನ್ನಂಥವರನ್ನ ಇನ್ನೂ ನಾಕು ಮಂದಿ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಅದರ ಜೋಡಿ, ಸ್ಪಂಜು-ಹುಳಾ ಗುರುತಿಸೂ ವಿದ್ಯಾ ಹುಡುಗ-ಹುಡುಗ್ಯಾರಿಗೆ ಕಲಿಸ್ರಿ. ಕಲ್ತವರಿಗೆ ಪಗಾರಾನೂ ಕೊಡ್ರಿ.”