ಜೀರ್ಣಚಕ್ಕೋದ್ಧಾರ ಮೀಮಾಂಸೆ

ಯಾವ ಶಾಸ್ತ್ರವನ್ನಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಆರಂಭಿಸಲಾಗದೆಂಬುದು ಪಂಡಿತಸಂಪ್ರದಾಯವಾಗಿರುವುದರಿಂದಲೂ, ಹಾಗೆ ನಿರೂಪಿಸದ ಪ್ರಬಂಧವನ್ನು ನಮ್ಮ ವಿಚಾರಗೋಷ್ಠಿಗಳ ಅಧ್ಯಕ್ಷರು ಮಡಿಸಿ ಗಾಳಿ ಬೀಸಿಕೊಳ್ಳುವುದನ್ನು ಕಣ್ಣಾರೆ ಕಂಡಿರುವುದರಿಂದಲೂ, ಆ ವಿಧಿಯನ್ನು ಮೊದಲು ತೀರಿಸುತ್ತೇವೆ. ಡ್ರಿಲ್ಲಿಂಗ್ ಮಷೀನಿನ ತುದಿಯಲ್ಲಿದ್ದು ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕು ಹಳತಾದ ಮೇಲೆ ಅದರ ಪುನರುಜ್ಜೀವನವೇ ಇಲ್ಲಿಯ ವಿಷಯ. ಹಿತ್ತಿಲ ಕೋಣೆಯಲ್ಲೊಂದು ಲೇತನ್ನಿಟ್ಟುಕೊಂಡು, ಉಗುರ ಸಂದಿನ ಕರಿಗಾಗಿ ಮನೆಯವರಿಂದ ಬೈಸಿಕೊಳ್ಳುವವನೇ ಅಧಿಕಾರಿ. ಗುಜರಿಯವನ ತಕ್ಕಡಿಗೂ ಆತನ ಜೇಬಿಗೂ ಇರುವುದೇ ಸಂಬಂಧ. ಪ್ರಯೋಜನವೋ, ನೆಟ್ಟಗಿರುವ ಒಂದು ತೂತು.

ಈ ದರ್ಶನದ ಸೂತ್ರಕಾರನು ಅಮೆರಿಕದ ಕನೆಕ್ಟಿಕಟ್ ಸೀಮೆಯ ಹಾರ್ಟ್‌ಫರ್ಡ್ ನಗರದ ಆರ್ಥರ್ ಜೇಕಬ್ಸ್. ಸ್ಪ್ಯಾನರಿನಿಂದ ಬಿಗಿಯುವ ಅಂದಿನ ಚಕ್ಕೊಂದರ ಮೇಲೆ ಕೈ ಜಾರಿ ಬೆರಳ ಗೆಣ್ಣಿನ ಚರ್ಮ ಸುಲಿದುಹೋದದ್ದೇ ಆತನಿಗೆ ಬ್ರಹ್ಮಜಿಜ್ಞಾಸೆಗೆ ಕಾರಣವಾಯಿತೆಂದು ಐತಿಹ್ಯ. ಹಲ್ಲುಳ್ಳ ಸ್ಲೀವು, ಅದನ್ನು ತಿರುಗಿಸುವ ಹಲ್ಲುಳ್ಳ ಕೀಲಿ, ಇವುಗಳ ಪೇಟೆಂಟು 1902ರಲ್ಲಿ ಆತನಿಗೆ ದೊರೆಯಿತು. ಗೆಣ್ಣು ಸುಲಿಸಿಕೊಂಡವನು ಒಂದು ವಸ್ತುವನ್ನು ಸೃಷ್ಟಿಸಿದನು; ಗೆಣ್ಣು ಸುಲಿಯದವರು ಅದರ ಮೇಲೆ ಭಾಷ್ಯಗಳನ್ನು ಸೃಷ್ಟಿಸುತ್ತಿದ್ದೇವೆ.

ಇನ್ನು ತತ್ತ್ವನಿರೂಪಣೆ. ಚಕ್ಕಿನ ಗರ್ಭದಲ್ಲಿ ಒಂದು ನಟ್ಟಿದೆ. ಉಂಗುರಾಕಾರದ ಈ ನಟ್ಟನ್ನು ಹದಗೊಳಿಸಿದ ತರುವಾಯ ಬೇಕೆಂದೇ ಎರಡಾಗಿ ಮುರಿದಿರುತ್ತಾರೆ. ಮುರಿದ ಅಂಚುಗಳು ಒಂದಕ್ಕೊಂದು ಮಾತ್ರ ಕೂಡುತ್ತವೆ, ಮತ್ತೊಂದು ಚಕ್ಕಿನ ಅರ್ಧಭಾಗವನ್ನು ತಂದಿಟ್ಟರೆ ಸರ್ವಥಾ ಒಪ್ಪವು. ಹೀಗಿರಲು ನಟ್ಟು ಒಂದೋ ಎರಡೋ ಎಂಬ ಪ್ರಶ್ನೆ ಶೃಂಗೇರಿಗೂ ಉಡುಪಿಗೂ ನಡುವೆ ಇತ್ಯರ್ಥವಾಗತಕ್ಕದ್ದಲ್ಲ. ಮೇಲುಕೋಟೆಯವರು ಮಧ್ಯೆ ಬಂದರೂ ಉಪಯೋಗವಿಲ್ಲ. ದವಡೆಗಳೋ ಮೂರು. ನೋಡಲು ತದ್ರೂಪವಾದರೂ ಅವುಗಳ ಬೆನ್ನಿನ ತಿರುಪಿನ ಮರೆ ಒಂದರಿಂದೊಂದಕ್ಕೆ ಮೂರನೆಯ ಒಂದಂಶ ಸರಿದಿರುತ್ತದೆಯಾಗಿ, 1, 2, 3 ಎಂದು ಅಂಕಿ ಹಾಕಿರುತ್ತಾರೆ. ಕ್ರಮ ತಪ್ಪಿಸಿ ಜೋಡಿಸಿದರೆ ಮೂರು ತುದಿಗಳೂ ಒಟ್ಟಿಗೆ ಸೇರುವುದಿಲ್ಲ.

ಟೇಪರಿನ ಪ್ರಕರಣದಲ್ಲಿ ಮೀಮಾಂಸಕರಿಗೆ ಸಾಕ್ಷಾತ್ ಹಬ್ಬ. ಚಕ್ಕಿನ ಬೆನ್ನಿನ ರಂಧ್ರಕ್ಕೆ ಜೇಕಬ್ಸ್ ಟೇಪರೆಂದು ಹೆಸರು. ಗಾತ್ರ ಏರಿದಂತೆ ಅಂಕಿ ಏರಬೇಕೆಂದು ಬಾಲರೂ ಊಹಿಸುವರಷ್ಟೆ? ಇಲ್ಲಿ 2 ಆದ ಮೇಲೆ 33, ಅದಾದ ಮೇಲೆ 6, ಆಮೇಲೆ 3. ದಪ್ಪ ತುದಿಯ ಅಡ್ಡಳತೆ ಸುಮಾರು 14.2, 15.8, 17.2, 20.6 ಮಿಲಿಮೀಟರು. ಚಕ್ಕನ್ನು ಹೊರುವ ಆರ್ಬರಿನ ಇನ್ನೊಂದು ತುದಿಯ ಮೋರ್ಸ್ ಟೇಪರು ಇಪ್ಪತ್ತಕ್ಕೆ ಒಂದರಂತೆ ಇಳಿಯುತ್ತದೆಂದು ಹೇಳುವರಾದರೂ, ಒಂದೊಂದು ಅಂಕಿಯ ಇಳಿಜಾರೂ ಕೂದಲೆಳೆಯಷ್ಟು ಬೇರೆ. ಈ ಅವ್ಯವಸ್ಥೆಗೆ ಕಾರಣವನ್ನು ಹುಡುಕತಕ್ಕದ್ದಲ್ಲ, ಬಾಯಿಪಾಠ ಮಾಡತಕ್ಕದ್ದು. ಈ ಅಂಶದಲ್ಲಿ ಶಾಸ್ತ್ರವು ನಮ್ಮ ವಿಶ್ವವಿದ್ಯಾನಿಲಯಗಳ ಪಠ್ಯಕ್ರಮಕ್ಕೆ ಸರ್ವಥಾ ಯೋಗ್ಯವಾಗಿದೆ.

ಅಥಾತಃ ತುಕ್ಕಿನ ಪಂಚವಿಧತ್ವ. ಬಾಹ್ಯ, ಅಂತಃಸ್ಥ, ಸಂಧಿಗತ ಎಂದು ಮೂರು ಮೊದಲಿನವು. ಬಾಹ್ಯವು ದೃಷ್ಟಿಗೋಚರ, ಅಂತಃಸ್ಥವು ಕೀಲಿ ತಿರುಗಿಸುವಾಗ ಕೇಳುವ ಕಿರಿಗುಟ್ಟುವಿಕೆಯಿಂದ ಅನುಮೇಯ, ಸಂಧಿಗತವು ನಾಲ್ಕನೆಯದಾದ ಪ್ರಚ್ಛನ್ನದಿಂದ ಭಿನ್ನವೋ ಅಭಿನ್ನವೋ ಎಂದರೆ... ಸಾಕು. ನಾಲ್ಕನ್ನೂ ಐದನ್ನೂ ಹುಟ್ಟಿಸುವುದು ಕಷ್ಟವಲ್ಲ. ಅಂತಹವನ್ನು ಹುಟ್ಟಿಸಿ ಶಾಲು ಹೊದೆಸಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ತುಕ್ಕು ತುಕ್ಕೇ. ಚಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿದರೆ ಬಿಡುತ್ತದೆ. ಬೆಂಕಿ ಮಾತ್ರ ತೋರಿಸಬಾರದು, ಉಕ್ಕಿನ ಹದ ಹೋಗುತ್ತದೆ.

ಬಿಚ್ಚುವ ಕ್ರಮವೂ ಅಷ್ಟೇ ಸರಳ. ದವಡೆಗಳನ್ನು ದೇಹದ ಮುಖಕ್ಕೆ ಸಮನಾಗಿ ಒಳಸರಿಸಿ, ಸ್ಲೀವು ಮಾತ್ರ ಆತುಕೊಳ್ಳುವಂತಹ ಕೊಳವೆಯ ತುಂಡಿನ ಮೇಲೆ ಚಕ್ಕನ್ನು ಕೂರಿಸಿ, ದೇಹವನ್ನು ಪ್ರೆಸ್ಸಿನಿಂದ ಒತ್ತಬೇಕು. ಸುತ್ತಿಗೆ ಹಿಡಿದವನ ಕೈಯನ್ನು ಅಲ್ಲಿಯೇ ತಡೆಯಬೇಕು. ಮರೆಗಳಿಗೆ ತೆಳುವಾಗಿ ಗ್ರೀಸು ಹಚ್ಚಿ ಮರುಜೋಡಣೆ ಮಾಡಿ, ನೇರವಾದ ಪಿನ್ನೊಂದನ್ನು ಕಚ್ಚಿಸಿ ಡಯಲ್ ಇಟ್ಟು ನೋಡಿದಾಗ ಮಿಲಿಮೀಟರಿನ ಹತ್ತನೆಯ ಒಂದು ಭಾಗದೊಳಗೆ ಓಲಾಡಿದರೆ ಮನೆಯ ಕೆಲಸಕ್ಕೆ ಧಾರಾಳ. ದವಡೆಗಳ ಬಾಯಿ ಸವೆದು ಅಗಲವಾಗಿದ್ದರೆ ಮಾತ್ರ ಗ್ರೈಂಡಿಂಗ್ ಮಾಡುವವನ ಕಾಲು ಹಿಡಿಯಬೇಕು.

ಇಷ್ಟನ್ನೂ ನಾನು ಯಾವ ಗೋಷ್ಠಿಯಲ್ಲೂ ಕಲಿತದ್ದಲ್ಲ. ಕೌಶಲ್ಯಾಭಿವೃದ್ಧಿಯನ್ನು ಕುರಿತು ಭಾಷಣ ಮಾಡುವ ಮಹನೀಯರು ಒಂದು ಕೀಲಿಯನ್ನಾದರೂ ತಿರುಗಿಸಿದವರಲ್ಲ. ತಿರುಗಿಸಬಲ್ಲ ಫಿಟ್ಟರನಿಗೆ ಪದವಿಯಿಲ್ಲವೆಂದು ಅವರ ವೇದಿಕೆಯಲ್ಲಿ ಕುರ್ಚಿಯಿಲ್ಲ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು, ಲೇತುಗಳನ್ನು ಮಾಡಿತು, ಮುಚ್ಚಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಯಿತು, ಯಂತ್ರಗಳನ್ನು ಹೆರುವ ಯಂತ್ರಗಳನ್ನು ನಾವೇ ಮಾಡಬೇಕೆಂಬ ಆಸೆ ಆಗ ಈ ದೇಶಕ್ಕಿತ್ತು. ಅಲ್ಲೆಲ್ಲ ದುಡಿದವರ ಬೆರಳಿನಲ್ಲಿ ಡಯಲ್ ತೋರಿಸುವುದಕ್ಕೆ ಮೊದಲೇ ಓಲಾಟವನ್ನು ಗುರುತಿಸುವ ಒಂದು ತಿಳಿವಿತ್ತು. ಅದನ್ನು ಯಾವ ಸಮಿತಿಯೂ ದಾಖಲೆ ಮಾಡಿಕೊಳ್ಳಲಿಲ್ಲ, ಮೊಮ್ಮಕ್ಕಳೂ ಕೇಳಲಿಲ್ಲ. ಪೆನ್ಷನ್ನಿನ ಸಾಲಿನಲ್ಲಿ ನಿಂತು ನಿಂತು ಆ ಬೆರಳುಗಳು ಒಂದೊಂದಾಗಿ ಇಲ್ಲವಾಗುತ್ತಿವೆ. ಇಂದು ಅಂಗಡಿಯಲ್ಲಿ ದೊರೆಯುವ ಅನೇಕ ಚಕ್ಕುಗಳನ್ನು ಮತ್ತೆ ಬಿಚ್ಚಲಾಗದಂತೆ ಅಂಚು ಮಡಿಸಿ ಮುಚ್ಚಿರುತ್ತಾರೆ. ಕೆಟ್ಟರೆ ಎಸೆಯಬೇಕು, ಎಸೆದು ಇನ್ನೊಂದನ್ನು ಕೊಳ್ಳಬೇಕು. ಜೇಕಬ್ಸನು ಬಿಚ್ಚಬಹುದಾದ ವಸ್ತುವನ್ನು ಮಾಡಿದನು. ಬಿಚ್ಚಲಾರದವರ ಕಾಲಕ್ಕೆ ಬಿಚ್ಚಲಾಗದ ವಸ್ತುವೇ ತಕ್ಕುದಿರಬಹುದು.

ವಾಚಕಮಹಾಶಯರೇ, ಬೆಂಗಳೂರಿನ ಸಂಡೆ ಬಜಾರಿನಲ್ಲಾಗಲಿ ನಿಮ್ಮೂರಿನ ಗುಜರಿಯಲ್ಲಾಗಲಿ ಕೀಲಿ ಕಳೆದುಕೊಂಡ ಹಳೆಯ ಚಕ್ಕು ಕಂಡರೆ, ಬೆನ್ನಿನ ಮೇಲಿನ ಅಂಕಿಯನ್ನು ಓದಿ, ದವಡೆ ಮೂರೂ ಇವೆಯೇ ನೋಡಿ, ತೂಕದ ಬೆಲೆಗೆ ತೆಗೆದುಕೊಳ್ಳಿ. ನಿಮ್ಮ ಬೀದಿಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರೊಬ್ಬರಿದ್ದರೆ, ಅದನ್ನು ಬಿಚ್ಚುವ ಮೊದಲು ಅವರ ಬಳಿಗೆ ಒಯ್ದು ತೋರಿಸಿ. ಅವರು ಬೈದರೂ ಕೂತು ಕೇಳಿಸಿಕೊಳ್ಳಿ.